ಕಬ್ಬಿಣ ನಿಮ್ಮದು, ಕೀಲಿ ನಮ್ಮದು

ಅಮೆರಿಕದ ನೆಬ್ರಾಸ್ಕ. ಮೆಕ್ಕೆಜೋಳದ ಕೊಯ್ಲಿನ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ಜಾನ್ ಡಿಯರ್ ಟ್ರ್ಯಾಕ್ಟರ್ ಮುಷ್ಕರ ಹೂಡಿದೆ. ರೈತ ಡೀಲರಿಗೆ ಫೋನ್ ಮಾಡುತ್ತಾನೆ.

"ಸೆನ್ಸರ್ ಕೆಟ್ಟಿತ್ತು, ಹೊಸದು ಹಾಕಿದೆ. ಆದರೂ ಮುನಿಸು ಇಳಿದಿಲ್ಲ."

"ನೀವು ಹಾಕಿದರೆ ಆಯಿತೇ? ನಮ್ಮ ಲ್ಯಾಪ್‌ಟಾಪ್ ಬಂದು ಇಬ್ಬರಿಗೂ ಪರಿಚಯ ಮಾಡಿಸಬೇಕು."

"ದುಡ್ಡು ಕೊಟ್ಟು ಕೊಂಡವನು ನಾನು!"

"ಕಬ್ಬಿಣ ಕೊಂಡಿರಿ. ಸಾಫ್ಟ್‌ವೇರ್ ಓಡಿಸಲು ಅನುಮತಿ ಇದೆ, ಅಷ್ಟೆ."

ಡೀಲರನ ಮಾತು ಕಟ್ಟುಕತೆಯಲ್ಲ. ಟ್ರ್ಯಾಕ್ಟರಿನ ಸಾಫ್ಟ್‌ವೇರ್ ಬಳಸಲು ಮಾಲೀಕನಿಗಿರುವುದು ವಾಹನದ ಆಯುಷ್ಯದವರೆಗಿನ ಪರವಾನಗಿ ಮಾತ್ರ ಎಂದು ಕಂಪನಿಯೇ 2015ರಲ್ಲಿ ಕಾಪಿರೈಟ್ ಕಚೇರಿಗೆ ಬರೆದುಕೊಟ್ಟಿತ್ತು. ದುರಸ್ತಿಗಾಗಿ ಡಿಜಿಟಲ್ ಬೀಗ ಮುರಿಯಲು ಅದೇ ವರ್ಷ ಸರ್ಕಾರ ವಿನಾಯಿತಿ ಕೊಟ್ಟಿತು. ಮುರಿಯುವ ಸಲಕರಣೆ ಹಂಚಲು ಮಾತ್ರ ಕೊಡಲಿಲ್ಲ.

"1837ರಲ್ಲಿ ಉಕ್ಕಿನ ನೇಗಿಲು ಮಾಡಿದ ನಿಮ್ಮ ಮೂಲಪುರುಷ ಕಮ್ಮಾರನಲ್ಲವೇ?"

"ಹೌದು. ಈಗ ಬದುಕಿದ್ದರೆ ಅವರೂ ಪಾಸ್‌ವರ್ಡ್‌ಗೆ ಅರ್ಜಿ ಹಾಕಬೇಕಿತ್ತು."

2023ರ ಜನವರಿಯಲ್ಲಿ ಕಂಪನಿ ರೈತ ಒಕ್ಕೂಟದೊಂದಿಗೆ ದುರಸ್ತಿಯ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕಿತು. ಅದನ್ನು ನಂಬಿ ಕೂರದ ಕೊಲೊರಾಡೊ ರಾಜ್ಯ ಏಪ್ರಿಲ್‌ನಲ್ಲಿ ದುರಸ್ತಿ ಹಕ್ಕಿನ ಕಾನೂನನ್ನೇ ಮಾಡಿತು. 2025ರ ಜನವರಿಯಲ್ಲಿ ಫೆಡರಲ್ ಟ್ರೇಡ್ ಕಮಿಷನ್, ಇಲಿನಾಯ್ ಮತ್ತು ಮಿನೆಸೋಟ ರಾಜ್ಯಗಳ ಜೊತೆಗೂಡಿ, ದುರಸ್ತಿಯ ಪೂರ್ಣ ಸಾಫ್ಟ್‌ವೇರನ್ನು ಡೀಲರುಗಳಿಗಷ್ಟೇ ಕೊಡುತ್ತಿದೆ ಎಂದು ಕಂಪನಿಯನ್ನು ಕೋರ್ಟಿಗೆಳೆಯಿತು. ಈ ನಡುವೆ ಕಂಪ್ಯೂಟರ್ ಇಲ್ಲದ, 1980ರ ಆಸುಪಾಸಿನ ಹಳೇ ಟ್ರ್ಯಾಕ್ಟರುಗಳಿಗೆ ಹರಾಜಿನಲ್ಲಿ ಮದುಮಗನ ಮರ್ಯಾದೆ.

"ಮೆಕ್ಯಾನಿಕ್ ಯಾವಾಗ ಬರುತ್ತಾನೆ?"

"ಗುರುವಾರ."

"ಅಷ್ಟರಲ್ಲಿ ಮಳೆ ಬಂದರೆ?"

"ಮಳೆಯ ಸಾಫ್ಟ್‌ವೇರ್ ಇನ್ನೂ ನಮ್ಮ ಕೈಗೆ ಬಂದಿಲ್ಲ ಸ್ವಾಮಿ. ಬಂದ ತಕ್ಷಣ ಬಿಲ್ ಕಳಿಸುತ್ತೇವೆ."