‘ಇಲ್ಲೇ ಇವ್ನಿ ಕನ ಬುದ್ದಿ!’

ಹನೂರಿನ ಡಿಟಿಪಿ ಅಂಗಡಿಯೊಂದರ ಮೇಜಿನ ಕೆಳಗೆ, ಚಪ್ಪಲಿಗಳ ಪಕ್ಕ ಕೂತಿರುವ ಹಳೇ ಸಿಪಿಯು. ಲಿನಕ್ಸ್ ಹಾಕಿ, ಸಾಂಬಾ ಕೂರಿಸಿ, ಮೂರು ಕಂಪ್ಯೂಟರ್‌ಗಳಿಗೂ ಲಗ್ನಪತ್ರಿಕೆ, ಫ್ಲೆಕ್ಸ್, ತಿಥಿ ಕಾರ್ಡುಗಳ ಫೈಲು ಹಂಚುವ ಕೆಲಸ ಕೊಟ್ಟಿದ್ದಾರೆ. ಅದರ ಸಂದರ್ಶನ ರೆಕಾರ್ಡ್ ಮಾಡಲು ನನ್ನ ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಗೋಡೆಯಲ್ಲಿದ್ದ ಯಾವುದೋ ಪ್ಲಗ್ ಕಿತ್ತು ಚಾರ್ಜರ್ ಸಿಕ್ಕಿಸಿ ಕೂತೆ.

ನಾನು: ಊರೆಲ್ಲ ನಿಮ್ಮನ್ನು ‘ಇಲ್ಲ’ ಅಂತಾರಲ್ಲ?

ಸರ್ವರ್: ಇವ್ನಿ ಕನ ಬುದ್ದಿ! ಪಾಸ್‌ವರ್ಡ್ ಮರ್ತ್ರೂ ಸರ್ವರ್ ಇಲ್ಲ, ಹುಡ್ಗ ಟೀ ಕುಡಿಯಕ್ಕೋದ್ರೂ ಸರ್ವರ್ ಇಲ್ಲ. ಒಬ್ರಾದ್ರೂ ಬಗ್ಗಿ ನೋಡವ್ರಾ?

ನಾನು: ಸಾಂಬಾ ಅಂದರೆ ಸಾಂಬಶಿವನೇ?

ಸರ್ವರ್: ಮಾದಪ್ಪನ ಸೀಮೇಲಿ ಹಂಗಂದ್ಕಂಡ್ರೆ ತಪ್ಪಿಲ್ಲ ಬುಡಿ. ನನ್ನ ಹುಟ್ಟಿಸ್ದವ್ರು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್, 1992ರಲ್ಲಿ ಲೋಕಕ್ಕೆ ಬುಟ್ರು. ಮೊದ್ಲಿಟ್ಟ ಹೆಸ್ರು ಇನ್ನೊಂದು ಕಂಪ್ನೀದಾಗಿತ್ತು. ಫೈಲ್ ಹಂಚೋ ನಮ್ಮ ಭಾಷೆ ಎಸ್‌ಎಂಬಿ; ಎಸ್, ಎಂ, ಬಿ ಮೂರೂ ಇರೋ ಪದ ಹುಡುಕ್ತಾ ಹೋದ್ರೆ ಸಾಂಬಾ ಸಿಕ್ತು.

ನಾನು: ನಿಮಗೆ ಜೀವ ಇದೆಯೋ ಇಲ್ಲವೋ ನೋಡೋದು ಹೇಗೆ?

ಸರ್ವರ್: ಮೊದ್ಲು ನನ್ನ ಮುಂದೇನೇ ಕೂತ್ಕಳಿ. ಫೈಲ್ ಹಂಚೋ ನನ್ನ ಪ್ರೋಗ್ರಾಂ ‘ಎಸ್‌ಎಂಬಿಡಿ’ ಓಡ್ತಾ ಅದಾ ಅಂತ ಕೇಳಿ. ಆಮೇಲೆ ‘ಎಸ್‌ಎಂಬಿಕ್ಲೈಂಟ್’ನಿಂದ ನನ್ನೊಳಗಿಂದ್ಲೇ ನನ್ನ ಕರೀರಿ, ಹಂಚಿರೋ ಫೋಲ್ಡರ್‌ಗಳ ಪಟ್ಟಿ ಒಪ್ಪುಸ್ತೀನಿ. ಪಟ್ಟಿ ಬಂತಾ? ಹಂಗಾರೆ ಆಚೆ ಹುಡುಕಿ.

ನಾನು: ಹುಡುಗ ‘ಟೆಸ್ಟ್‌ಪಾರ್ಮ್’ ಓಡಿಸಿ ಎಲ್ಲ ಸರಿಯಿದೆ ಅಂದನಲ್ಲ?

ಸರ್ವರ್: ಅದು ಜಾತಕ ನೋಡ್ದಂಗೆ. ಸೆಟ್ಟಿಂಗ್ ಬರ್ದಿರೋದ್ರಲ್ಲಿ ತಪ್ಪದಾ ಅಂತ ನೋಡ್ತದೆ, ಅಷ್ಟೆ. ಜಾತಕ ಕೂಡ್ತು ಅಂದ್ರೆ ಗಂಡು ಉಸಿರಾಡ್ತಾವ್ನೆ ಅಂತಲ್ಲ.

ನಾನು: ಪಿಂಗ್?

ಸರ್ವರ್: ಬೀದೀಲಿ ನಿಂತು ಕೂಗೋದು. ‘ಓ’ ಅಂದ್ರೆ ಮನೇಲವ್ನೆ ಅಂತ ಮಾತ್ರ. ಫೈಲ್ ಬೇಕಾದ್ರೆ 445ನೇ ಪೋರ್ಟಿನ ಬಾಗ್ಲು ತೆಗ್ದಿರ್ಬೇಕು. ಫೈರ್‌ವಾಲ್ ಅಗುಳಿ ಹಾಕಂಡಿದ್ರೆ ನಾನು ಓಗೊಟ್ಟೇನು ಬಂತು?

ನಾನು: ಫೋಲ್ಡರ್ ಕಾಣುತ್ತೆ, ಸೇವ್ ಆಗಲ್ಲ?

ಸರ್ವರ್: ನೋಡು, ಮುಟ್ಬ್ಯಾಡ. ಸೆಟ್ಟಿಂಗ್‌ನಲ್ಲಿ ಬೇರೆ ಬರೀದಿದ್ರೆ ನನ್ನ ಕಾನೂನೇ ಅದು. ನಾನೊಪ್ಪುದ್ರೂ ಲಿನಕ್ಸ್ ಒಪ್ಬೇಕು. ತಾಲ್ಲೂಕಾಫೀಸ್ ಕಡತದಂಗೆ, ಇಬ್ರ ಸೈನೂ ಬೇಕು.

(ಅಷ್ಟರಲ್ಲಿ ಮೇಲಿಂದ ದನಿ: ‘ಸರ್ವರ್ ಇಲ್ಲ ಯಜಮಾನ್ರೇ, ನಾಳೆ ಬನ್ನಿ.’ ಮಗಳ ಲಗ್ನಪತ್ರಿಕೆಗೆಂದು ಕೌದಳ್ಳಿಯಿಂದ ಬಂದವರು ಬಸ್ಸಿನ ಕಡೆ ತಿರುಗಿದರು.)

ನಾನು: ಕೇಳಿದಿರಾ? ಈಗೇನಾಯ್ತು?

ಸರ್ವರ್: ನಾನು ಇಲ್ಲೇ ಇವ್ನಲ್ಲ! ಕೇಬಲ್‌ಗಳೆಲ್ಲ ಸೇರೋ ಆ ಸ್ವಿಚ್ ಡಬ್ಬಿ ದೀಪ ಆರಿ ಹತ್ತು ನಿಮಿಷ ಆಯ್ತು. ಬೇಜಾರ್ ಮಾಡ್ಕಬ್ಯಾಡಿ ಬುದ್ದಿ... ನಿಮ್ಮ ಮೊಬೈಲು ಎಷ್ಟು ಪರ್ಸೆಂಟ್ ಆಯ್ತು?