ಕುರ್ಚಿ ಮೀಮಾಂಸೆ: ಸ್ಟಾರ್ ಟ್ರೆಕ್ ಅಭಿಮಾನಿ ಚಿತ್ರಗಳ ಮೂಲಕಾರಣ ಕುರಿತು

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ 79 ಕಂತುಗಳನ್ನು ತೋರಿಸಿ 1969ರಲ್ಲಿ ನಿಂತಿತು. ಎಂಟರ್‌ಪ್ರೈಸ್ ಬಾಹ್ಯಾಕಾಶ ನೌಕೆಯದು ಐದು ವರ್ಷಗಳ ಯಾನ ಎಂದು ಕಂತುಕಂತಿಗೂ ಸಾರಿದವರು ಮೂರೇ ವರ್ಷಕ್ಕೆ ಅಂಗಡಿ ಮುಚ್ಚಿದರು. ಬಾಕಿ ಉಳಿದ ಎರಡು ವರ್ಷಗಳನ್ನು ಅಭಿಮಾನಿಗಳು ತಾವೇ ಸೆಟ್ ಹಾಕಿ, ಬಣ್ಣ ಹಚ್ಚಿಕೊಂಡು, ಚಿತ್ರೀಕರಿಸಿ ಪೂರೈಸಿದರು ಎಂಬುದು ಲೋಕರೂಢಿಯ ವಿವರಣೆ. ಈ ವಿವರಣೆಯಲ್ಲಿ ಭಕ್ತಿಯಿದೆ, ತರ್ಕವಿಲ್ಲ. ಬಾಕಿ ತೀರಿಸುವುದಷ್ಟೇ ಉದ್ದೇಶವಾಗಿದ್ದರೆ ಕಥೆ ಬರೆದು ಹಂಚಿದ್ದರೂ ಸಾಕಿತ್ತು. ಕಾಗದ ಪ್ಲೈವುಡ್ಡಿಗಿಂತ ಅಗ್ಗ. ಹಾಗಿದ್ದೂ ಪ್ಲೈವುಡ್ ತಂದರೆಂದರೆ ಅದಕ್ಕೆ ಬೇರೆಯೇ ಕಾರಣ ಇರಲೇಬೇಕು. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇದು: ಅಭಿಮಾನಿ ಚಿತ್ರದ ಮೂಲಕಾರಣ ಕಥೆಯಲ್ಲ, ಪ್ರೀತಿಯಲ್ಲ, ವಿಜ್ಞಾನವಂತೂ ಅಲ್ಲವೇ ಅಲ್ಲ, ನೌಕೆಯ ನಿಯಂತ್ರಣ ಕೊಠಡಿಯ ನಟ್ಟನಡುವೆ ಎಲ್ಲ ದಿಕ್ಕಿಗೂ ತಿರುಗುವ ಕ್ಯಾಪ್ಟನ್ ಕುರ್ಚಿ.

ಇದಕ್ಕೆ ಪ್ರಮಾಣಗಳು ಹೇರಳವಾಗಿವೆ. ಮೂಲ ಕುರ್ಚಿ 2002ರ ಹರಾಜಿನಲ್ಲಿ ಮೂರು ಲಕ್ಷ ಡಾಲರ್ ದಾಟಿ ಮಾರಾಟವಾಗಿ, ಕೊನೆಗೆ ಸಿಯಾಟಲ್‌ನ ವಸ್ತುಸಂಗ್ರಹಾಲಯ ಸೇರಿತು. ನೋಡಬಹುದು, ಕೂರುವಂತಿಲ್ಲ. ಕೂರಬೇಕೆಂದರೆ ಸ್ವಂತದ್ದೇ ಕಟ್ಟಿಸಬೇಕು ಎಂಬ ಪರಿಸ್ಥಿತಿ ಹೀಗೆ ಗಟ್ಟಿಯಾಯಿತು. ಎಲ್ವಿಸ್ ಪ್ರೀಸ್ಲಿಯ ವೇಷ ಕಟ್ಟಿ ಹಾಡುತ್ತಿದ್ದ ಜೇಮ್ಸ್ ಕಾವ್ಲಿ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಮೂಲ ನಕ್ಷೆಗಳನ್ನು ಅನುಸರಿಸಿ ನೌಕೆಯ ಒಳಾಂಗಣವನ್ನೇ ಎಬ್ಬಿಸಿದರು. 2004ರಲ್ಲಿ ‘ನ್ಯೂ ವಾಯೇಜಸ್’ ಸರಣಿಯ ಮೊದಲ ಕಂತು ಹೊರಬಂದಾಗ ನೌಕೆಯ ಕ್ಯಾಪ್ಟನ್ ಕರ್ಕ್ ಆಗಿ ಕುಳಿತವರು ಕಾವ್ಲಿಯವರೇ. ವಿಕ್ ಮಿನ್ಯಾನಾ ಜಾರ್ಜಿಯಾದ ಕಿಂಗ್ಸ್‌ಲ್ಯಾಂಡ್‌ನಿಂದ 2013ರಲ್ಲಿ ‘ಸ್ಟಾರ್ ಟ್ರೆಕ್ ಕಂಟಿನ್ಯೂಸ್’ ಆರಂಭಿಸಿದರು. ಅಲ್ಲೂ ನಿರ್ಮಾಪಕರೇ ಕರ್ಕ್. ಅಲೆಕ್ ಪೀಟರ್ಸ್ ‘ಆಕ್ಸನಾರ್’ ಯೋಜನೆ ಹೂಡಿ, ವೀರ ಕ್ಯಾಪ್ಟನ್ ಗಾರ್ತ್ ಪಾತ್ರವನ್ನು ತಾವೇ ಇಟ್ಟುಕೊಂಡರು. ಅದರ ಪೀಠಿಕೆಯಾಗಿ 2014ರಲ್ಲಿ ಬಂದ ಕಿರುಚಿತ್ರದಲ್ಲಂತೂ ದೊಡ್ಡ ದೊಡ್ಡ ಸೇನಾನಿಗಳೆಲ್ಲ ಬಹುಪಾಲು ಹೊತ್ತು ಕುಳಿತೇ ಯುದ್ಧದ ವರದಿ ಒಪ್ಪಿಸುತ್ತಾರೆ. ಹೊಗೆಯಿದ್ದಲ್ಲಿ ಬೆಂಕಿ ಎಂಬ ನ್ಯಾಯದಂತೆ ಇಲ್ಲೊಂದು ವ್ಯಾಪ್ತಿ ಸಿದ್ಧವಾಗುತ್ತದೆ: ಯಾರು ಸೆಟ್ ಹಾಕಿಸುತ್ತಾರೋ ಅವರೇ ಕ್ಯಾಪ್ಟನ್. ಕೆಂಪಂಗಿ ತೊಟ್ಟು ಅನ್ಯಗ್ರಹದಲ್ಲಿ ಇಳಿದ ಕೂಡಲೇ ಸಾಯುವ ಕಾವಲುಗಾರನ ಪಾತ್ರಕ್ಕಾಗಿ ಈ ಮೂವರಲ್ಲಿ ಯಾರೂ ಒಂದು ಮೊಳೆ ಹೊಡೆಸಿದ್ದಿಲ್ಲ.

ಪೂರ್ವಪಕ್ಷದವರು ಸುಮ್ಮನಿರುವುದಿಲ್ಲ. ‘ಹಿಡನ್ ಫ್ರಂಟಿಯರ್’ ಎಂಬ ಅಭಿಮಾನಿ ಸರಣಿ 2000ದಿಂದ 2007ರವರೆಗೆ 50 ಕಂತು ನಡೆದದ್ದು ಹಸಿರು ಪರದೆಯ ಮುಂದೆ. ಸೆಟ್ಟೇ ಇಲ್ಲದಲ್ಲಿ ಕುರ್ಚಿ ಎಲ್ಲಿಂದ ಬಂತು ಎಂಬುದು ಅವರ ಮೊದಲ ಆಕ್ಷೇಪ. ಇದಕ್ಕೆ ಉತ್ತರ: ನೌಕೆಯನ್ನು ಕಂಪ್ಯೂಟರಿನಲ್ಲಿ ಬರೆಯಬಹುದು, ನಕ್ಷತ್ರಗಳನ್ನೂ ಬರೆಯಬಹುದು. ನಟ ಕೂರುವ ಜಾಗದಲ್ಲಿ ಮಾತ್ರ ನಿಜವಾದ ಆಸನವೊಂದು ಇರಲೇಬೇಕು. ಇಡೀ ಬ್ರಹ್ಮಾಂಡ ಮಿಥ್ಯೆಯಾದರೂ ಕುರ್ಚಿಯೊಂದು ಸತ್ಯವಾಗಿ ಉಳಿಯುತ್ತದೆ ಎಂಬ ಈ ನಿದರ್ಶನ ನಮ್ಮ ವಾದವನ್ನೇ ಎತ್ತಿ ಹಿಡಿಯುತ್ತದೆ. ಎರಡನೆಯ ಆಕ್ಷೇಪ ಗಂಭೀರವಾದದ್ದು: ಮೂಲ ಧಾರಾವಾಹಿಯ ವಾಲ್ಟರ್ ಕೇನಿಗ್ 2006ರಲ್ಲಿ, ಜಾರ್ಜ್ ಟಕೇ 2007ರಲ್ಲಿ ‘ನ್ಯೂ ವಾಯೇಜಸ್’ನಲ್ಲಿ ತಮ್ಮ ಹಳೆಯ ಪಾತ್ರಗಳಿಗೆ ಮರಳಿದರು, ಟಕೇ ನಟಿಸಿದ ಕಂತು ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿಗೂ ಏರಿತು, ಇದು ಕಲೆಯಲ್ಲವೇ? ಕಲೆಯೇ. ಆದರೆ ಇವರಿಬ್ಬರ ಪಾತ್ರಗಳ ಪೀಠಗಳಿದ್ದದ್ದು ಕ್ಯಾಪ್ಟನ್ ಮುಂದೆ. ನಿಯಂತ್ರಣ ಕೊಠಡಿಯಲ್ಲಿದ್ದ ಬಹುಪಾಲು ಹೊತ್ತು ಅವರು ಆ ಕುರ್ಚಿಗೆ ಬೆನ್ನು ಹಾಕಿ ಕುಳಿತಿದ್ದರು. ಬೆನ್ನ ಹಿಂದಿದ್ದದ್ದರ ಸೆಳೆತ ನಾಲ್ಕು ದಶಕ ಕಳೆದರೂ ಬಿಡಲಿಲ್ಲ ಎಂದು ತಿಳಿಯಬೇಕು. ಮೂರನೆಯದು, ಕಾವ್ಲಿಯವರೇ ಮುಂದೆ ಕರ್ಕ್ ಪಾತ್ರವನ್ನು ಬೇರೆ ನಟರಿಗೆ ಬಿಟ್ಟುಕೊಟ್ಟರಲ್ಲ ಎಂಬುದು. ಬಿಟ್ಟದ್ದು ಪಾತ್ರ ಮಾತ್ರ. ಕುರ್ಚಿಯ ಸ್ವಾಮ್ಯ ಎಲ್ಲಿಗೂ ಹೋಗಲಿಲ್ಲ. ಕುಳಿತವನಿಗಿಂತ ಕೂರಿಸುವವನು ದೊಡ್ಡವನೆಂಬ ತತ್ತ್ವ ಕನ್ನಡ ಓದುಗರಿಗೆ ವಿವರಿಸಬೇಕಾದದ್ದಲ್ಲ.

ಇನ್ನು ಕಾನೂನಿನ ಅಧ್ಯಾಯ. ಸ್ಟಾರ್ ಟ್ರೆಕ್ ಕಥೆಯ ಭವಿಷ್ಯದಲ್ಲಿ ಹಣವೆಂಬುದೇ ಇಲ್ಲ. ಆ ಭವಿಷ್ಯವನ್ನು ಚಿತ್ರಿಸಲು ‘ಆಕ್ಸನಾರ್’ ಹತ್ತು ಲಕ್ಷ ಡಾಲರ್‌ಗೂ ಮೀರಿ ಚಂದಾ ಎತ್ತಿತು. ಹಕ್ಕುದಾರರಾದ ಸಿಬಿಎಸ್ ಮತ್ತು ಪ್ಯಾರಮೌಂಟ್ 2015ರ ಡಿಸೆಂಬರಿನಲ್ಲಿ ಕೋರ್ಟಿಗೆ ಹೋದವು. 2017ರ ಜನವರಿಯಲ್ಲಿ ರಾಜಿಯಾಯಿತು. ನಡುವೆ 2016ರಲ್ಲಿ ನಿಯಮಾವಳಿ ಬಂತು: ಒಂದು ಕಥೆಗೆ 15 ನಿಮಿಷ, ಹೆಚ್ಚೆಂದರೆ ಎರಡು ಭಾಗ, ಚಂದಾ 50,000 ಡಾಲರ್ ಮೀರಕೂಡದು, ಯಾರಿಗೂ ಸಂಬಳವಿಲ್ಲ, ಸರಣಿಯಾಗಿ ಮುಂದುವರಿಸುವಂತಿಲ್ಲ. ಕಥೆಗೆ, ಕಾಸಿಗೆ, ಕಾಲಕ್ಕೆ ಕತ್ತರಿ ಬಿತ್ತು. ಕೂರುವ ಆಸೆಗೆ ಬೀಳಲಿಲ್ಲ. ‘ಕಂಟಿನ್ಯೂಸ್’ ಅದೇ 2017ರಲ್ಲಿ ಹನ್ನೊಂದನೆಯ ಕಂತಿಗೆ ಮುಗಿಯಿತು. ಮುಗಿದ ರೀತಿಯನ್ನು ಗಮನಿಸಿ: ಕರ್ಕ್ ಅಡ್ಮಿರಲ್ ಆಗಿ ಬಡ್ತಿ ಪಡೆಯುತ್ತಾನೆ, ಅಂದರೆ ಕುರ್ಚಿಯಿಂದ ಏಳುತ್ತಾನೆ. ಕಾರಣ ನಾಶವಾದೊಡನೆ ಕಾರ್ಯವೂ ನಾಶ. ತರ್ಕಶಾಸ್ತ್ರ ಇದಕ್ಕಿಂತ ಚೊಕ್ಕ ದೃಷ್ಟಾಂತ ಕೇಳಲಾರದು.

ಸಿದ್ಧಾಂತದ ಪರಮ ಪ್ರಮಾಣ ಈಗ ನ್ಯೂಯಾರ್ಕ್ ರಾಜ್ಯದ ಟಿಕೊಂಡರೋಗ ಊರಿನಲ್ಲಿದೆ. ಕಾವ್ಲಿಯವರ ಸೆಟ್ 2016ರಿಂದ ಹಕ್ಕುದಾರರ ಅಧಿಕೃತ ಪರವಾನಗಿ ಪಡೆದ ಪ್ರವಾಸಿ ತಾಣ. ಜನ ಟಿಕೆಟ್ ಕೊಂಡು ಒಳಹೋಗಿ, ಕುರ್ಚಿಯಲ್ಲಿ ಕುಳಿತು, ಫೋಟೊ ತೆಗೆಸಿಕೊಂಡು ಹೊರಬರುತ್ತಾರೆ. ಕಥೆಯಿಲ್ಲ, ಸಂಭಾಷಣೆಯಿಲ್ಲ, ಶತ್ರುಗಳಿಲ್ಲ. ಯಾರೂ ಅವುಗಳ ಕೊರತೆಯನ್ನು ದೂರಿದಂತಿಲ್ಲ. ಅನವಶ್ಯಕವಾದದ್ದೆಲ್ಲ ಉದುರಿಹೋದ ಅಭಿಮಾನಿ ಚಿತ್ರದ ಶುದ್ಧರೂಪ ಇದೇ. ಇದರ ಅವಧಿ ಶೂನ್ಯ ನಿಮಿಷವಾದ್ದರಿಂದ ನಿಯಮಾವಳಿಯ 15 ನಿಮಿಷಗಳಲ್ಲಿ ಇನ್ನೂ ಹದಿನೈದು ನಿಮಿಷ ಉಳಿಯುತ್ತದೆ.