ದುರ್ಗದ ಬಂಡೆ, ಮೈಸೂರಿನ ನಾಲಿಗೆ: ಒಂದು ಘನ ಸಂಶೋಧನೆ

ಬ್ರಿಟನ್ನಿನ ಹ್ಯೂ ಲಾರಿ ‘ಹೌಸ್’ ಧಾರಾವಾಹಿಗೆ ಕಳಿಸಿದ ಟೇಪು ನೋಡಿದ ನಿರ್ಮಾಪಕರು, ‘ಅಚ್ಚ ಅಮೆರಿಕದ ನಟನೆಂದರೆ ಇವನಪ್ಪಾ’ ಎಂದು ಬೆರಗಾದರಂತೆ. ಪಾಪ, ಎಷ್ಟು ಕಷ್ಟಪಟ್ಟನೋ! ಅಂಥ ಯಾವ ಕಷ್ಟಕ್ಕೂ ಕೈಹಾಕದೆ ಊರಿಗೆ ಊರನ್ನೇ ಗೆದ್ದ ನಿದರ್ಶನ ನಮ್ಮಲ್ಲಿದೆ: 1972ರ ‘ನಾಗರಹಾವು’.

ಕಥೆ ತ.ರಾ.ಸು. ಅವರದು. ಕೋಟೆ, ಬಂಡೆ, ಬಿಸಿಲು ಅಸಲಿ ಚಿತ್ರದುರ್ಗದವು. ಬಾಯಿಗಳು ಮಾತ್ರ ಆಮದು. ನಿರ್ದೇಶಕ ಪುಟ್ಟಣ್ಣ ಪಿರಿಯಾಪಟ್ಟಣ ಸೀಮೆಯ ಕಣಗಾಲಿನವರು. ರಾಮಾಚಾರಿಯಾದ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರಾದ ಅಶ್ವತ್ಥ್ ಇಬ್ಬರೂ ಮೈಸೂರಿನವರು. ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ‘ಬಸ್ ಐತೇನಪ್ಪಾ?’ ‘ಐತೆ, ಬತ್ತೈತೆ ತಡಿ’ ಎಂದು ಸದಾ ಮೊಳಗುವ ಆ ‘ಐತೆ’ ಎಂಬ ಮಹಾಕ್ರಿಯಾಪದಕ್ಕೆ ಗುರುಶಿಷ್ಯರ ಬಾಯಲ್ಲಿ ಜಾಗವೇ ಇಲ್ಲ.

ಇಲ್ಲಿ ಪೂರ್ವಪಕ್ಷ ಏಳುತ್ತದೆ: ರಾಮಾಚಾರಿ ಬ್ರಾಹ್ಮಣರ ಮನೆ ಹುಡುಗ, ಅವನೇಕೆ ‘ಐತೆ’ ಅಂದಾನು? ಒಪ್ಪಿದೆವು. ಹಾಗಾದರೆ ಅಂಬರೀಶ್ ಮಾಡಿದ ಜಲೀಲ? ಚಿತ್ರದಲ್ಲಿ ಮಣ್ಣಿನ ವಾಸನೆಯ ಮಾತಾಡುವ ಧೈರ್ಯ ತೋರಿದವನು ಅವನೊಬ್ಬನೇ. ಆದರೆ ಆ ಸುಪ್ರಸಿದ್ಧ ಬುಲ್‌ಬುಲ್ ಪ್ರಶ್ನೆಯ ತುದಿಯ ‘ಕಿಲ್ವಾ’ ಪರೀಕ್ಷಿಸಿದರೆ ಅಂಟಿರುವುದು ದುರ್ಗದ ಮಣ್ಣಲ್ಲ, ಮದ್ದೂರಿನ ಗದ್ದೆಯ ಕೆಸರು. ಅಂಬರೀಶ್ ದೊಡ್ಡರಸಿನಕೆರೆಯವರು ತಾನೇ! ದುರ್ಗಕ್ಕೆ ಒಂದಿಷ್ಟು ಹತ್ತಿರದವರೆಂದರೆ ಬಳ್ಳಾರಿಯಲ್ಲಿ ಹುಟ್ಟಿದ ಜಯಂತಿ. ಅವರನ್ನು ಓಬವ್ವನನ್ನಾಗಿ ಮಾಡಿ ಕೈಗೆ ಒನಕೆ ಕೊಟ್ಟರು, ಹಾಡಲು ಕಾಕಿನಾಡದ ಪಿ.ಬಿ. ಶ್ರೀನಿವಾಸ್ ಅವರನ್ನು ಕರೆಸಿದರು. ಇದನ್ನು ಸಂಚು ಎನ್ನಲು ಸಂಶೋಧಕನ ಸಜ್ಜನಿಕೆ ಬಿಡುತ್ತಿಲ್ಲ.

ದೂರು ಬಂತೇ? ಬಿಡಿ, ನಡೆದದ್ದು ತದ್ವಿರುದ್ಧ. ಐವತ್ತು ವರ್ಷ ಕಳೆದರೂ ಕೋಟೆ ಹತ್ತಿದ ಹುಡುಗರು ಬಂಡೆಯ ಮೇಲೆ ಕಾಲಿಟ್ಟ ತಕ್ಷಣ ಸೊಂಟಕ್ಕೆ ಕೈಕೊಟ್ಟು, ಕಣ್ಣು ಕೆಂಪಗೆ ಮಾಡಿ ‘ಮೇಷ್ಟ್ರೇ’ ಎಂದು ಗುಡುಗುತ್ತಾರೆ, ಅದೂ ಶುದ್ಧ ಮೈಸೂರು ಧಾಟಿಯಲ್ಲಿ! ಇಳಿದು ಬಂದು ಮಂಡಕ್ಕಿ ಮೆಣಸಿನಕಾಯಿ ಕೈಗೆ ಸಿಕ್ಕ ಮೇಲೆಯೇ ‘ಖಾರ ಐತಲೇ’ ಎಂದು ಸ್ವಸ್ಥಾನಕ್ಕೆ ಮರಳುವುದು. ಆದ್ದರಿಂದ ಸಿದ್ಧಾಂತ: ಅನುಕರಣೆಯಲ್ಲಿ ನಟರು ಸೋತರು, ಪ್ರೇಕ್ಷಕರು ಗೆದ್ದರು. ಹ್ಯೂ ಲಾರಿಗೆ ಹೇಳಿಕಳಿಸಬೇಕು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶಿವಸಂಚಾರದ ನಟರು 1997ರಿಂದ ನಾಡಿಡೀ ನಾಟಕ ಹೊತ್ತು ತಿರುಗುತ್ತಿದ್ದಾರೆ. ಅವರ ಉಚ್ಚಾರದ ಅಧ್ಯಯನ ಎರಡನೇ ಸಂಪುಟಕ್ಕೆ. ಅದಕ್ಕೆ ಮುನ್ನ ಹೊಳಲ್ಕೆರೆಯ ಅಡಿಕೆ ತೋಟದವರೊಬ್ಬರು ಎತ್ತಿದ ಆಕ್ಷೇಪಕ್ಕೆ ಉತ್ತರ ಹುಡುಕಬೇಕಾಗಿದೆ: ‘ಆಕ್ಸೆಂಟು ಮೈಸೂರೋರಿಗೆ ಐತೆ ಸ್ವಾಮಿ. ನಾವು ಬರೇ ಮಾತಾಡ್ತೀವಿ.’